ಅರ್ಧ ಗುಳಿಗೆ

ಗುಳೇದಗುಡ್ಡದ ನಮ್ಮ ಶಾಲೆಯ ಹಿಂಗೋಡೆಗೆ
ಆತುಕೊಂಡೇ ಇವೆ ಮೂರು ಕುಣಿಮಗ್ಗ.
ಏಳರ ಮಗ್ಗಿ ಹೇಳಿಸುವಾಗ ಲಾಳಿಯೂ ಹೇಳುತ್ತದೆ,
ಒಮ್ಮೊಮ್ಮೆ ನಮಗಿಂತ ತಪ್ಪಿಲ್ಲದೆ.

ಗುಡ್ಡದಡಿಯ ಓಣಿಯ ಇನ್ನೊಂದು ಮಗ್ಗದಿಂದೆದ್ದು
ಬಂದಿದ್ದಳು ಶಂಕ್ರವ್ವ, ಕೂದಲಲ್ಲಿ ರೇಷ್ಮೆಯ ಎಳೆ,
ಖಣದ ಚೂರಿನಲ್ಲಿ ಗಂಟು ಕಟ್ಟಿದ ಎಂಟು ಗುಳಿಗೆ.
'ಮಧ್ಯಾಹ್ನಕ್ಕ ಅರ್ಧ ಕೊಡ್ರಿ ಅಕ್ಕೋರ, ನಮ್ಮ ದಾನಿಗೆ.
ನಾ ಕುಣಿ ಬಿಟ್ಟು ಏಳಾಕ ಆಗಂಗಿಲ್ಲ.'

ಬಿಚ್ಚಿ ನೋಡಿದೆ. ಬಿಳಿ. ದುಂಡು. ಹೆಸರಿಲ್ಲ.
ಜ್ವರದ್ದೂ ಹೀಗೇ ಇರುತ್ತದೆ, ಅವಳತ್ತೆಯ ಬಿಪಿಯದ್ದೂ.
'ಡಾಕ್ಟರ ಚೀಟಿ ತಾ ಅವ್ವ. ಗುಳಗಿ ಪಟ್ಟಿ ಇದ್ದಂಗ ತಾ, ಬಿಚ್ಚಬ್ಯಾಡ.'
'ಹಡದಾಕಿ ನಾ ಕೊಟ್ಟದ್ದ ನಂಬಂಗಿಲ್ಲೇನ್ರಿ?'
ನಂಬಿಕೆಯ ಮಾತಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ.
ಎರಡು ದಿನ ನಡುಹಗಲಲ್ಲಿ ಹುಡುಗಿಯನ್ನು
ಆ ಓಣಿಗೆ ನಾನೇ ನಡೆಸಿಕೊಂಡು ಹೋಗಿ ಬಂದೆ.
ಮೂರನೆಯ ದಿನ ಚೀಟಿ ಬಂತು,
ಬಾಗಲಕೋಟೆಯ ಬಸ್ಸಿನ ಟಿಕೀಟಿನ ಜೊತೆ ಮಡಚಿ.
ಹೋದ ಕೂಲಿಯ ಮಾತು ಅವಳು ಎತ್ತಲಿಲ್ಲ.

ಕಪಾಟಿನ ಮೇಲಿನ ಖಾನೆ ತೆರವು ಮಾಡಿದೆ.
ಕೀಲಿಕೈ ನನ್ನ ಬಳೆಗೆ, ಪಿನ್ನು ಹಾಕಿ.
ಹೋದ ವರ್ಷ ಪ್ರಾರ್ಥನೆಯ ಸಾಲಿನಲ್ಲಿ ದಾನಿ ಬಿದ್ದಾಗ
ಯಾರೋ ಅವಳ ಮುಷ್ಟಿಗೆ ತುರುಕಿದ್ದರು ಇದೇ ಕೀಲಿಕೈ;
ಯಾರೋ ಮೂಗಿಗೆ ಉಳ್ಳಾಗಡ್ಡಿ, ಯಾರೋ ಚಪ್ಪಲಿ.
ಈಗ ಆ ಕಬ್ಬಿಣಕ್ಕೆ ಬೇರೆ ಕೆಲಸ ಸಿಕ್ಕಿದೆ.

ನೋಟುಬುಕ್ಕಿನಲ್ಲಿ ಗೆರೆ ಎಳೆದೆ, ಸೊಟ್ಟಗೆ:
ಹೆಸರು, ಮದ್ದು, ಎಷ್ಟು, ಎಷ್ಟು ಗಂಟೆಗೆ, ಕೊಟ್ಟವರ ಸಹಿ.
ಶನಿವಾರದ್ದು ಖಾಲಿ. ಅಂದು ಮುಂಜಾನೆ ಶಾಲೆ;
ಮಸೀದಿಯ ಮಧ್ಯಾಹ್ನದ ಬಾಂಗು ಕೇಳಿದ ಕೂಡಲೇ
ಶಂಕ್ರವ್ವನೇ ಲಾಳಿ ನಿಲ್ಲಿಸುತ್ತಾಳೆ.

ಇನ್ನು ಹೇಳಬೇಕಾದದ್ದು ಆಷಾಢದ ಒಂದು ಸೋಮವಾರ.
ಹೆಡ್‌ಮಾಸ್ತರು ಬಾದಾಮಿಗೆ, ಮೀಟಿಂಗಿಗೆ.
ಮೂರು ತರಗತಿ ನನ್ನ ತಲೆಯ ಮೇಲೆ. ಸಾರು ಆರುತ್ತಿತ್ತು.
'ದಾನಮ್ಮಾ' ಎಂದು ಕೂಗಿದೆ.
ಬಂತು, ಅಂಗೈ ಚಾಚಿತು. ಇಟ್ಟೆ.
'ಅಕ್ಕೋರ, ಆಕಿ ಅಲ್ರೀ!' ಸೌಟು ಹಿಡಿದೇ ಚೀರಿದಳು
ಅಡಿಗೆಯ ಹುಸೇನಬಿ, 'ಅದು ತಟ್ಟಿಯವರ ದಾನಮ್ಮ!'
ಆ ಕೈ ಬಾಯಿಯ ಹತ್ತಿರ ಹೋಗಿತ್ತು.
ಎಷ್ಟು ಹತ್ತಿರವೆಂದರೆ, ನಾಲಗೆ ಹೊರಗಿತ್ತು.

ಅದನ್ನೂ ಬರೆದೆ, ಎಂದಿನ ನೀಲಿ ಶಾಯಿಯಲ್ಲೇ:
ಬೇರೆ ಮಗುವಿನ ಕೈಗೆ ಇಟ್ಟೆ. ಬಾಯಿಗೆ ಹೋಗಲಿಲ್ಲ.
ತಡೆದವರು ಹುಸೇನಬಿ. ಸಹಿ ನನ್ನದು.
'ಹರಿದುಹಾಕ್ರಿ, ನಾಳೆ ಯಾರರ ನೋಡ್ತಾರ' ಎಂದರು ಹೆಡ್‌ಮಾಸ್ತರು.
ಹರಿಯಲಿಲ್ಲ. ನೋಡಲೆಂದೇ ಅಲ್ಲವೆ ಬರೆಯುವುದು.

ಅಂದಿನಿಂದ ಕೇಳುತ್ತೇನೆ, ಕಣ್ಣೆದುರಿಗೇ ಬೆಳೆದವಳನ್ನು:
'ಹೆಸರು?'
'ದಾನಮ್ಮ.'
'ಅಪ್ಪನ ಹೆಸರು?'
'ಮಲ್ಲೇಶಪ್ಪ ಕಮತಗಿ.'
'ಎಷ್ಟನೇತ್ತಾ?'
'ನಿಮಗ ಗೊತ್ತಿಲ್ಲೇನ್ರಿ ಅಕ್ಕೋರ?'
ಗೊತ್ತು. ಗೊತ್ತಿರುವುದೇ ಕೈ ತಪ್ಪಿಸುತ್ತದೆ.
ನೀರು. ಬಾಯಿ ತೆಗಿ. ನಾಲಿಗಿ ಎತ್ತು.
ಹೋಗು, ಆಡು ಹೋಗು.

ಹೋದ ಶುಕ್ರವಾರ ನನ್ನ ಬಿಪಿ ಗುಳಿಗೆ ಬಿಡಿಸುತ್ತಿದ್ದೆ.
ಬಾಗಿಲಲ್ಲಿ ನಿಂತಳು, ಸೊಂಟಕ್ಕೆ ಕೈ ಕೊಟ್ಟು.
'ಹೆಸರು?'
'ಕಸ್ತೂರಿ.'
'ಅಪ್ಪನ ಹೆಸರು?'
ಅಪ್ಪ ಹೋಗಿ ಹದಿನೈದು ವರ್ಷ. ಯಾರೂ ಕೇಳಿರಲಿಲ್ಲ.
'ಗುರುಸಿದ್ದಪ್ಪ' ಎಂದೆ. ಗುಳಿಗೆಗಿಂತ ಮೊದಲೇ
ಗಂಟಲಲ್ಲಿ ಏನೋ ಸಿಕ್ಕಿತು.
'ನೀರು ಕುಡೀರಿ. ಬಾಯಿ ತೆಗೀರಿ.'
ತೆಗೆದೆ.
ಇಣುಕಿ ನೋಡಿದಳು. ಗಡಿಯಾರ ನೋಡಿದಳು.
ನೋಟುಬುಕ್ಕಿನಲ್ಲಿ ನನ್ನದೊಂದು ಸಾಲು ಬರೆದಳು;
ಸಹಿಯ ಇಕ್ಕಟ್ಟಿನ ಗೆರೆಯೊಳಗೆ
ಅವಳ ಹೆಸರಿನ 'ದಾ' ಮಾತ್ರ ಹಿಡಿಸಿತು.